ಈ ಸಲ ಅಡ್ಜಸ್ಟ್ ಇಲ್ಲ

ಗರುಡಾಚಾರ್‌ಪಾಳ್ಯದ ಬಸ್‌ಸ್ಟಾಪಿನಲ್ಲಿ ಸುಕನ್ಯ, ಅಜ್ಜಿ ಹೇಳುತ್ತಿದ್ದ ರಾಜಕುಮಾರಿಯರ ಕತೆಗಳೊಳಗೆ ತೇಲಿಹೋಗಿದ್ದಳು. ಪಕ್ಕದಲ್ಲಿ ಕೂತಿದ್ದ ಇಬ್ಬರು ಹೆಂಗಸರ ಮಾತು ಅವಳನ್ನು ಕೆಳಗಿಳಿಸಿತು. ಇಬ್ಬರೂ ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಅಡುಗೆ ಮಾಡುವವರು, ಯಾದಗಿರಿ ಕಡೆಯವರು.

“ರಜಾ ಕೊಟ್ರೇನ, ಮಾನಮ್ಮಕ್ಕಾ?” ಎಂದಳು ಕಿರಿಯಳು.

“ಎಲ್ಲಿ ರಜಾ! ಎಳ್ಳ ಅಮಾಸಿ ದಿನಾನೇ ಮನಿಗೆ ಗೆಸ್ಟ್ ಬರ್ತಾರಂತ. ‘ಅಡ್ಜಸ್ಟ್ ಮಾಡ್ಕೊ’ ಅಂದ್ರು ಮೇಡಂ.”

“ದೀಪಾವಳಿಗೂ ಹಂಗೇ ಅಂದಿದ್ರಲ್ಲ! ಹಂಗಂದ್ರ ಏನಕ್ಕಾ?”

“ಅವ್ರು ಕುಂತಲ್ಲೇ ಕುಂತಿರ್ತಾರ, ನಾವು ಸರೀಬೇಕು. ಅಷ್ಟ ಅದರರ್ಥ.”

“ಮತ್ತ ಸರದ್ಯೇನು?”

“ಈ ಸಲ ಇಲ್ಲ, ಕಾವೇರಿ. ಭೂಮಿತಾಯಿಗೆ ಎಡಿ ಅಂತ ಹೊಲದಾಗ ಚರಗ ಚೆಲ್ಲಾಕ ಅಡಗಿ ಬುಟ್ಟಿ ಒಯ್ತೀವಲ್ಲ, ಅದನ್ನ ಈ ವರ್ಷ ನನ್ನ ತಲಿ ಮ್ಯಾಲ ಇಡ್ತೀನಿ ಅಂದಾಳ ಅತ್ತಿ. ನಾ ಹೋಗ್ಲಿಲ್ಲಂದ್ರ ಸಣ್ಣ ಸೊಸಿ, ನಮ್ಮ ನೆಗೆಣ್ಣಿ ಹೊರ್ತಾಳ. ಆಮ್ಯಾಲ ಆ ಮಾನ ಕಾಯಂ ಅಕಿದೇ.”

“ನನ್ನ ಮುಂದ ಹುಲಿ ನೀನು. ಮೇಡಂ ಮುಂದ?”

ಮಾನಮ್ಮ ಫೋನ್ ಹಚ್ಚಿಯೇಬಿಟ್ಟಳು.

“ಮೇಡಂ, ನಾ ಊರಿಗೆ ಹೊಂಟೀನ್ರಿ… ಇಲ್ರಿ, ಆಗಂಗಿಲ್ರಿ. ಒಂದಿನ ನೀವೇ ಅಡ್ಜಸ್ಟ್ ಮಾಡ್ಕೋರಿ.”

ಕಾವೇರಿ ಬಾಯಿಗೆ ಸೆರಗು ಒತ್ತಿಕೊಂಡಳು. “ಏನಂದ್ರು?”

“ಬ್ಯಾರೆಯವ್ರನ್ನ ನೋಡ್ಕೊತೀನಿ ಅಂದ್ರು.”

“ಅಯ್ಯ ಯಕ್ಕಾ!”

“ನೋಡ್ಕೊಳ್ಳಿ ಬಿಡು. ಅಡಗಿ ಮಾಡಾಕ ನೂರು ಮನಿ ಅದಾವ. ಬುಟ್ಟಿ ಒಂದೇ.”

ಕೆ.ಆರ್.ಪುರದ ಬಸ್ಸು ಬಂತು. ಕಾವೇರಿ ನುಗ್ಗಿ ಹತ್ತಿದಳು. ಸುಕನ್ಯ ನೋಡುತ್ತಿದ್ದಂತೆ, ತಲೆಯ ಮೇಲೆ ಆಗಲೇ ಏನೋ ಇದ್ದಂತೆ ಕತ್ತು ನೆಟ್ಟಗಿಟ್ಟುಕೊಂಡು, ಮಾನಮ್ಮ ನಿಧಾನಕ್ಕೆ ಹತ್ತಿದಳು.