ಬಂದವ್ವ ಎಲ್ಲಿಂದ ಬಂದಳು

ಬನ್ನಿ, ಹತ್ತಿರ ಬನ್ನಿ. ಗೋಡೆಗೆ ಒರಗುವವರು ಒರಗಿ, ಕಾಲು ಚಾಚುವವರು ಚಾಚಿ. ಆದರೆ ಹೂಂಗುಟ್ಟೋಕೆ ಒಬ್ಬರಾದರೂ ಬೇಕು. ಹೂಂ ಅನ್ನೋರಿಲ್ಲದಿದ್ದರೆ ಕತೆ ಅರ್ಧ ದಾರೀಲಿ ಕೂತುಬಿಡುತ್ತೆ, ಆಮೇಲೆ ಎಬ್ಬಿಸೋದು ಕಷ್ಟ.

ಒಂದು ಕಾಲ ಇತ್ತು. ಯಾವ ಕಾಲ? ನಮ್ಮಜ್ಜಿಯ ಅಜ್ಜಿ ತೊಟ್ಟಿಲಲ್ಲಿ ಮಲಗಿ ಕಾಲ್ಬೆರಳು ಚೀಪುತ್ತಿದ್ದ ಕಾಲ. ಒಂದು ಊರಿತ್ತು. ಯಾವ ಊರು? ಹೊಳೆ ದಂಡೆಯ ಊರು ಅಂದುಕೊಳ್ಳಿ ಸಾಕು. ಹೆಸರು ಹೇಳಿದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬಂದಾರು.

ಆ ಊರಲ್ಲಿ ಕರಿಯಣ್ಣ ಅಂತ ಒಬ್ಬ. ಎತ್ತಿನ ಬೆನ್ನಿಗೆ ಉಪ್ಪಿನ ಮೂಟೆ ಹೇರಿಕೊಂಡು ಊರೂರು ತಿರುಗಿ ಮಾರುವವನು. ಅವನಿಗೊಬ್ಬಳು ಮಗಳು, ಈರಿ. ಮೂಗಿನ ತುದಿಯಲ್ಲಿ ಸಿಟ್ಟು, ನಾಲಗೆ ತುದಿಯಲ್ಲಿ ಪ್ರಶ್ನೆ. ಈರಿಯ ಅವ್ವ ಕಾಯಿಲೆ ಬಿದ್ದಳು. ಆಚೆ ಊರಿನ ಪಂಡಿತರ ಹತ್ತಿರ ತೋರಿಸೋಕೆ ಅಂತ ಗಾಡಿ ಹತ್ತಿಸಿದರು. ಹತ್ತುವಾಗ ಮಗಳ ಕೆನ್ನೆ ಸವರಿ, “ಬರ್ತೀನಿ ಕಣವ್ವಾ” ಅಂದಳು.

ಬರಲಿಲ್ಲ.

ಊರವರು ಏನಂದರು? “ದೇವರು ಕರ್ಕೊಂಡು ಹೋದ” ಅಂದರು. ದೊಡ್ಡವರು ಹಾಗೇ ತಾನೆ? ಹೇಳಬೇಕಾದ್ದು ಬಾಯಿಗೆ ಬಾರದಿದ್ದರೆ ಅದನ್ನ ದೇವರ ಹೆಗಲಿಗೆ ಹೊರಿಸಿ ದಾಟಿಬಿಡ್ತಾರೆ.

ಈರಿ ಕೂತು ಯೋಚನೆ ಮಾಡಿದಳು. ಅಪ್ಪ ಎತ್ತು ಹೊಡಕೊಂಡು ಹೊರಡುವಾಗ ‘ಬರ್ತೀನಿ’ ಅಂತಾನೆ, ಬರ್ತಾನೆ. ಪಕ್ಕದ ಮನೆ ಮುದುಕಿ ಒಲೆಗೆ ಕೆಂಡ ಇಸ್ಕೊಂಡು ಹೋಗುವಾಗ ‘ಬರ್ತೀನಿ’ ಅಂತಾಳೆ, ಬೇಡ ಅಂದರೂ ಬರ್ತಾಳೆ. ಹಾಗಾದರೆ ಅವ್ವನೂ ಬರಲೇಬೇಕು. ಬಂದಿಲ್ಲ ಅಂದರೆ ದೇವರು ಬಿಟ್ಟಿಲ್ಲ. ದೇವರು ಕರ್ಕೊಂಡು ಹೋಗಿರೋದು ಅವನ ಮನೆಗೆ. ಅವನ ಮನೆ ಎಲ್ಲಿ? ಅವನು ಎಲ್ಲಿಂದ ಬಂದನೋ ಅಲ್ಲಿ. ದೇವರು ಎಲ್ಲಿಂದ ಬಂದ ಅನ್ನೋದೊಂದು ಗೊತ್ತಾದರೆ ಸಾಕು, ಹೋಗಿ ಅವ್ವನ ಕೈ ಹಿಡಿದು ಎಳ್ಕೊಂಡು ಬರಬಹುದು.

ಇದರಲ್ಲಿ ತಪ್ಪೆಲ್ಲಿದೆ, ನೀವೇ ಹೇಳಿ. ನನಗಂತೂ ಇಷ್ಟು ವಯಸ್ಸಾದರೂ ಸಿಕ್ಕಿಲ್ಲ.

ಈ ನಡುವೆ ಕರಿಯಣ್ಣ ಇನ್ನೊಂದು ಮದುವೆಯಾದ. ಬಂದವಳು ಬೋರವ್ವ. ಯಾಕೆ, ಮಲತಾಯಿ ಅಂದ ಕೂಡಲೇ ಹಾಗೆ ಮುಖ ಮುಖ ನೋಡ್ಕೋತೀರಿ? ಅನ್ನಕ್ಕೆ ವಿಷ ಹಾಕೋರು, ಮಗೂನ ಕಾಡಿಗೆ ಅಟ್ಟೋರು ಬೇರೆ ಕತೆಗಳಲ್ಲಿ ಬೇಕಾದಷ್ಟಿದ್ದಾರೆ, ಅಲ್ಲಿ ಹೋಗಿ ನೋಡಿ. ಇವಳು ಸಾರಿಗೆ ಉಪ್ಪು ಜಾಸ್ತಿ ಹಾಕೋಳು, ಅಷ್ಟೇ. ಉಪ್ಪಿನವನ ಮನೆ, ಯಾರು ಕೇಳ್ತಾರೆ?

ಆದರೆ ಈರಿ ಅವಳನ್ನು ಏನಂತಲೂ ಕರೆಯಲಿಲ್ಲ. ನೆರೆಯವರು “ಚಿಕ್ಕವ್ವ ಅನ್ನೇ” ಅಂತ ಹೇಳಿ ಸೋತರು. ಬಾಯಾರಿದರೆ ಕಂಬಕ್ಕೆ ಹೇಳಿದ ಹಾಗೆ “ನೀರು” ಅನ್ನೋಳು. ತಲೆ ಬಾಚಬೇಕಾದರೆ ಬಾಚಣಿಗೆ ತಂದು ಮುಂದೆ ಇಡೋಳು. ಬೋರವ್ವ ರೊಟ್ಟಿ ಕೊಟ್ಟರೆ ಮುರಿದು, ದೊಡ್ಡ ತುಂಡನ್ನು ಸೂರಿಗೆ ತೂಗುಹಾಕಿದ ನೆಲುವಿನ ಮೇಲೆ ಇಡೋಳು. “ಅವ್ವ ಬಂದ್ರೆ ಹಸ್ಕೊಂಡಿರ್ತಾಳೆ.” ಸಣ್ಣ ತುಂಡು ತಾನು ತಿನ್ನೋಳು. ಹೀಗೇ ನೆಲುವಿನ ಮೇಲೆ ರೊಟ್ಟಿ ಒಣಗುತ್ತಾ ಬಂತು, ಕೆಳಗೆ ಹುಡುಗಿ ಒಣಗುತ್ತಾ ಬಂದಳು. ಕೈ ಕೆಳಗೆ ಬಿಟ್ಟರೆ ಬಳೆ ತಾನಾಗೇ ಉದುರಿ ಬೀಳುವಷ್ಟಾಯಿತು.

ಈ ಮಗು ಹೀಗೇ ಇದ್ದರೆ ಉಳಿಯೋದಿಲ್ಲ ಅಂತ ಬೋರವ್ವನಿಗೆ ಗೊತ್ತು. ಹೇಳೋಣ ಅಂದರೆ ಹೇಗೆ ಹೇಳ್ತಾಳೆ? ಅವ್ವನ ಜಾಗಕ್ಕೆ ಬಂದವಳು ‘ಅವಳು ಬರಲ್ಲ’ ಅಂದರೆ ಯಾವ ಮಗು ನಂಬುತ್ತೆ?

ಒಂದು ಬೆಳಗ್ಗೆ ಈರಿ ಗುಡಿಯ ಮುಂದೆ ನಿಂತಳು. ಪೂಜಾರಿ ಲಕ್ಕಪ್ಪ ಹೂವಿಗೆ ಕಾಯ್ತಾ ಒಳಗಿಂದ ಕೂಗ್ತಿದ್ದ. “ಏ ಇವಳೇ, ಹೂವಿನ ಬುಟ್ಟಿ ತಾರೇ!”

“ಬಂದೇ!” ಅಂದಳು ಹೆಂಡತಿ, ಮನೆಯೊಳಗಿಂದ. ಬರಲಿಲ್ಲ.

“ಪೂಜಾರಪ್ಪಾ, ದೇವರು ಎಲ್ಲಿಂದ ಬಂದ?”

“ಎಲ್ಲಿಂದ ಅಂದ್ರೆ? ಹೊಳೇಲಿ ತೇಲಿ ಬಂದ ಕಣವ್ವಾ. ನಮ್ಮ ತಾತನ ಕಾಲದಲ್ಲಿ.”

“ಕಲ್ಲು ತೇಲುತ್ತಾ?”

“ಬರೀ ಕಲ್ಲು ತೇಲಲ್ಲ. ದೇವರು ತೇಲ್ತಾನೆ.”

“ಹೊಳೇಗೆ ಎಲ್ಲಿಂದ ಬಂದ?”

“ಮೇಲಿಂದ.”

“ಮೇಲೆ ಎಲ್ಲಿಂದ?”

“ಏ ಇವಳೇ! ಬುಟ್ಟೀ!” ಅಂತ ಪೂಜಾರಿ ಮತ್ತೆ ಕೂಗಿದ. ಮತ್ತೆ “ಬಂದೇ!” ಅಂತ ಕೇಳಿಸಿತು, ಮತ್ತೆ ಯಾರೂ ಬರಲಿಲ್ಲ.

ಅಷ್ಟು ಸಾಕಾಯಿತು ಈರಿಗೆ. ಹೊಳೆ ದಂಡೆ ಹಿಡಿದು ಮೇಲಕ್ಕೆ ನಡೆಯತೊಡಗಿದಳು. ನೀರಿಗೆ ಬಂದ ಬೋರವ್ವ ನೋಡಿದಳು. ಕೂಗಿ ಕರೆಯಬಹುದಿತ್ತು. ರಟ್ಟೆ ಹಿಡಿದು ಎಳ್ಕೊಂಡು ಬರಬಹುದಿತ್ತು. ಗಂಡ ಊರಲ್ಲಿಲ್ಲ, ಮಗು ಕಳೆದುಹೋದರೆ ಊರೆಲ್ಲ ಯಾರ ಮೇಲೆ ಬೀಳುತ್ತೆ ಅಂತಲೂ ಅವಳಿಗೆ ಗೊತ್ತು. ಅವಳು ಏನು ಮಾಡಿದಳು? ಬಿಂದಿಗೆ ದಡದಲ್ಲಿಟ್ಟಳು. ಮನೆಗೆ ಓಡಿ ಮಿಕ್ಕಿದ ರೊಟ್ಟಿ ಸೆರಗಿಗೆ ಕಟ್ಟಿಕೊಂಡು ಹಿಂದೆ ಓಡಿದಳು.

“ನಾನೂ ಬರ್ತೀನಿ.”

“ನೀನ್ಯಾಕೆ?” ಈರಿ ತಿರುಗಿ ನೋಡಲಿಲ್ಲ. “ಅವ್ವ ಸಿಕ್ಕಿದ್ರೆ ಅವ್ವಾನೇ ಮನೆಗೆ ಬರ್ತಾಳೆ. ಆಮೇಲೆ ನೀನು ಎಲ್ಲಿರ್ತೀಯ?”

ಬೋರವ್ವ ಸೆರಗಿನ ಗಂಟು ಬಿಗಿ ಮಾಡಿಕೊಂಡಳು. “ಸಿಗಲಿ ನೋಡಣ. ಇಬ್ಬರೂ ಕೂತ್ಕೊಂಡು ಮಾತಾಡಿಕೊಳ್ತೀವಿ” ಅಂದಳು.

ಮೊದಲು ಒಂದು ಊರು ಸಿಕ್ಕಿತು. ಹೊಳೆಯಲ್ಲಿ ಸೊಂಟದುದ್ದ ನೀರು. ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಈರಿ ಕೇಳಿದಳು, “ದೇವರು ಎಲ್ಲಿಂದ ಬಂದ?” ಅವರು ನಕ್ಕರು. “ನಮ್ಮ ದೇವರಾ? ಮೇಲಿಂದ ತೇಲಿ ಬಂದ ಕಣೇ.”

ಆಮೇಲೆ ಇನ್ನೊಂದು ಊರು. ಮೊಣಕಾಲುದ್ದ ನೀರು. ಮರಕ್ಕೆ ಒರಗಿ ತೂಕಡಿಸುತ್ತಿದ್ದ ಒಬ್ಬ ಅಜ್ಜ ಕಣ್ಣೇ ಬಿಡದೆ, “ಮೇಲಿಂದ” ಅಂದ. ಅವತ್ತು ಅವನ ಜಗಲಿಯ ಮೇಲೇ ಮಲಗಿ ಎದ್ದರು.

ಮಾರನೇ ದಿನ ಹೊಳೆ ಪಾದ ಮುಳುಗುವಷ್ಟಾಯಿತು. ಬೆಟ್ಟದ ಬುಡದಲ್ಲಿ ಆಡು ಮೇಯಿಸುವ ಒಬ್ಬಳು ಸಿಕ್ಕಿದಳು. “ಮೇಲಾ? ಮೇಲೆ ಊರೇ ಇಲ್ಲವಲ್ಲೇ ನನ್ನವ್ವಾ. ನೀರು ಹುಟ್ಟೋ ಜಾಗ ಇದೆ, ಅಷ್ಟೇ.”

ಈರಿಯ ಕಣ್ಣು ಮಿಂಚಿತು. ಊರೇ ಇಲ್ಲದ ಕಡೆ ಇರೋದು ಇನ್ಯಾರು?

ಏರು ದಾರಿ. ಹುಡುಗಿಯ ಕಾಲು ಸೋತವು. ಬೋರವ್ವ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟಳು. ಈರಿ ಹತ್ತಿಕೊಂಡಳು. ಎಷ್ಟು ಹಗುರ ಇದ್ದಳು ಅಂದರೆ, ಬೋರವ್ವನಿಗೆ ಅಳು ಬಂತು. ಬೆನ್ನ ಮೇಲಿದ್ದವರಿಗೆ ಮುಖ ಕಾಣಿಸೋದಿಲ್ಲವಲ್ಲ, ಒಳ್ಳೇದಾಯ್ತು.

ಕಿವಿಯ ಹತ್ತಿರ ಪ್ರಶ್ನೆ ಬಂತು. “ನೀನು ಎಲ್ಲಿಂದ ಬಂದೆ?”

ಬೋರವ್ವ ತಟ್ಟನೆ ನಿಂತಳು. ಗಂಡನ ಊರಿಗೆ ಕಾಲಿಟ್ಟ ಮೇಲೆ ಅಡುಗೆ ಬರುತ್ತಾ ಅಂತ ಕೇಳಿದ್ದರು, ಒಡವೆ ಏನು ತಂದೆ ಅಂತ ಕೇಳಿದ್ದರು, ಇದನ್ನು ಯಾರೂ ಕೇಳಿರಲಿಲ್ಲ.

“ನಮ್ಮೂರಿಂದ. ಅಲ್ಲಿ ಹೊಳೆ ಇಲ್ಲ, ಕಟ್ಟೆ ಇದೆ. ಕಟ್ಟೆ ತುಂಬ ತಾವರೆ. ನಮ್ಮವ್ವ ಇದ್ದಾಳೆ. ಕಿವಿ ಕೇಳ್ಸಲ್ಲ. ನಾನು ಹೊರಡೋವಾಗ ‘ಬರ್ತೀನಿ’ ಅಂದೆ. ಕೇಳಿಸ್ತೋ ಇಲ್ವೋ.”

“ಹೋದ್ಯಾ?”

“ಎಲ್ಲಿ ಹೋಗಲಿ? ನೀನು ರೊಟ್ಟಿ ತಿನ್ನಲ್ಲ. ನಿನ್ನ ಬಿಟ್ಟು ಹೆಂಗೆ ಹೋಗಲಿ?”

ಈರಿಯ ಗಲ್ಲ ಬೋರವ್ವನ ಭುಜದ ಮೇಲೆ ಸ್ವಲ್ಪ ಭಾರವಾಗಿ ಕೂತಿತು.

ಬಂತು ನೀರು ಹುಟ್ಟೋ ಜಾಗ. ಏನಿತ್ತು ಅಲ್ಲಿ? ಬಾಗಿಲಿಲ್ಲ, ದೀಪವಿಲ್ಲ. ಒಂದು ಬಂಡೆ. ಬಂಡೆಯ ಬಿರುಕಿನಲ್ಲಿ ಬೆರಳಿನಷ್ಟು ನೀರು. ಸುತ್ತ ಪಾಚಿ. ಅಷ್ಟೇ.

“ಬಾಯಾರಿದೆ ಅಲ್ವಾ? ಮುತ್ತುಗದ ಎಲೆ ತರ್ತೀನಿ, ದೊನ್ನೆ ಮಾಡಿ ಕುಡಿಯೋಣ” ಅಂತ ಬೋರವ್ವ ಗಿಡಗಳ ಹಿಂದೆ ಹೋದಳು.

ಈರಿ ಬಂಡೆಯ ಮುಂದೆ ನಿಂತಳು. ಬಿರುಕಿನೊಳಗೆ ಬಾಯಿಟ್ಟು ಕರೆದಳು.

“ಅವ್ವಾ!”

ನೀರು ತೊಟ್ಟಿಕ್ಕಿತು. ಯಾರೂ ಓಗೊಡಲಿಲ್ಲ.

“ಅವ್ವಾ!”

ಒಂದು ಹಕ್ಕಿ ಹಾರಿಹೋಯಿತು.

ಮೂರನೇ ಸಲ ಹೊಟ್ಟೆಯೊಳಗಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. “ಅವ್ವಾಆ!”

“ಬಂದೇ!”

ನೋಡಿ, ನಮ್ಮ ಕಡೆ ಮಾತೇ ಹಾಗೆ. ಹೋಗೋವಾಗ ‘ಬರ್ತೀನಿ’ ಅಂತೀವಿ. ಕರೆದರೆ ಇನ್ನೂ ಕೂತಲ್ಲಿಂದ ಎದ್ದೇ ಇರಲ್ಲ, ‘ಬಂದೆ’ ಅಂತೀವಿ. ಯಾರಾದರೂ ಯೋಚನೆ ಮಾಡಿ ಅಂತಾರಾ? ಕರೆದ ದನಿ ಕಿವಿಗೆ ಬಿದ್ದ ಕೂಡಲೇ ಬಾಯಿ ತಾನಾಗೇ ಅಂದುಬಿಡುತ್ತೆ.

ಈರಿ ತಿರುಗಿದಳು, ದನಿ ಬಂದ ಕಡೆಗೆ ಎರಡೂ ಕೈ ಚಾಚಿ ಓಡಿದಳು. ಗಿಡದ ಹಿಂದಿನಿಂದ, ಕೈಯಲ್ಲಿ ಮುತ್ತುಗದ ಎಲೆ ಹಿಡಿದುಕೊಂಡು, ಓಡೋಡಿ ಬಂದವಳು ಬೋರವ್ವ.

ಇಬ್ಬರೂ ನಿಂತರು.

ಬೋರವ್ವನ ಮುಖ ಬೆಳ್ಳಗಾಯಿತು. “ನನ್ನ ಕರೀಲಿಲ್ಲ ನೀನು. ಗೊತ್ತು ಕಣೇ. ಬಾಯಿಗೆ ಬಂದುಬಿಡ್ತು. ತಪ್ಪಾಯ್ತು.”

ಈರಿ ಅವಳ ಮುಖ ನೋಡಿದಳು. ಬಂಡೆ ನೋಡಿದಳು. ತಿರುಗಿ ಅವಳ ಮುಖ ನೋಡಿದಳು.

“ಅವ್ವ ಬರಲ್ಲ ಅಲ್ವಾ?”

ಯಾರೂ ಆಡದ ಮಾತು ಅದು. ಬೋರವ್ವ ಎಲೆ ಕೆಳಗೆ ಹಾಕಿ, ಮಂಡಿಯೂರಿ, ಹುಡುಗಿಯ ಕಣ್ಣಿಗೆ ಕಣ್ಣಿಟ್ಟಳು. ಸುಳ್ಳು ಹೇಳಲಿಲ್ಲ, ದೇವರ ಹೆಗಲಿಗೂ ಹೊರಿಸಲಿಲ್ಲ.

“ಬರಲ್ಲ, ಮಗಾ. ಅವ್ವ ಸತ್ತುಹೋದಳು.”

“ಬರ್ತೀನಿ ಅಂದಿದ್ದಳು!”

“ಬರಬೇಕು ಅಂತಾನೇ ಅಂದಳು. ನಿನ್ನ ಬಿಟ್ಟಿರೋಕೆ ಅವಳಿಗೆ ಮನಸ್ಸಿರುತ್ತಾ?”

ಆಗ ಅತ್ತಳು ನೋಡಿ ಈರಿ. ಗಾಡಿ ಹೋದ ದಿನದಿಂದ ಒಂದು ಹನಿ ಹಾಕದವಳು, ಬಂಡೆಯೇ ನೀರಾಯಿತೇನೋ ಅನ್ನೋ ಹಾಗೆ ಅತ್ತಳು. ಬೋರವ್ವ ಸುಮ್ಮನಿರು ಅನ್ನಲಿಲ್ಲ. ಮಡಿಲಲ್ಲಿ ಹಾಕ್ಕೊಂಡು ಕೂತಳು, ಅಷ್ಟೇ.

ಅತ್ತು ಮುಗಿದ ಮೇಲೆ ಏನಾಯಿತು? ಹಸಿವಾಯಿತು. ಬೋರವ್ವ ಸೆರಗು ಬಿಚ್ಚಿ ರೊಟ್ಟಿ ಕೊಟ್ಟಳು. ಈರಿ ಎಂದಿನ ಹಾಗೆ ಮುರಿದಳು. ದೊಡ್ಡ ತುಂಡು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಬೋರವ್ವನ ಬಾಯಿಯ ಹತ್ತಿರ ತಂದಳು.

“ತಿನ್ನು. ನೀನೂ ಹಸ್ಕೊಂಡಿದ್ದೀಯ.”

ಬೋರವ್ವ ಅದನ್ನು ಮತ್ತೆ ಮುರಿದು ಅವಳ ಬಾಯಿಗೂ ಇಟ್ಟಳು. ಉಪ್ಪು ಜಾಸ್ತಿಯಾಗಿತ್ತು. ಈರಿ ಹೇಳಲಿಲ್ಲ.

ಊರಿಗೆ ಬಂದಾಗ ಪೂಜಾರಿ ಲಕ್ಕಪ್ಪ ಗುಡಿಯ ಮುಂದೆ ಜನ ಸೇರಿಸಿಕೊಂಡು ನಿಂತಿದ್ದ. ಮಗು ಕಾಣದೆ ಅವನಿಗೂ ನಿದ್ದೆ ಇರಲಿಲ್ಲ, ಪಾಪ. “ಏನವ್ವಾ, ಸಿಕ್ತಾ ದೇವರ ಮನೆ?”

“ಮನೆ ಇರಲಿಲ್ಲ, ಪೂಜಾರಪ್ಪ. ಕರೆದೆ. ‘ಬಂದೆ’ ಅಂತು.”

“ಹೌದಾ! ಎಲ್ಲಿಂದ?”

“ಕೇಳೋದು ಮರ್ತೇಹೋಯ್ತು” ಅಂದಳು ಈರಿ. ಆಮೇಲೆ ಹಿಂದೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, “ಬಂದವ್ವಾ, ಮನೆಗೆ ಹೋಗಣ ಬಾ” ಅಂದಳು.

ಅವತ್ತಿನಿಂದ ಬೋರವ್ವ ಬಂದವ್ವ ಆದಳು. ಅವ್ವನ ಜಾಗ ಅವ್ವನಿಗೇ ಇತ್ತು, ಬಂದವಳಿಗೆ ಬೇರೆ ಜಾಗ ಆಯಿತು. ಕರಿಯಣ್ಣ ಉಪ್ಪು ಮಾರಿ ಬಂದವನು ಎತ್ತಿನ ಹೇರು ಇಳಿಸಿ ಇಬ್ಬರನ್ನೂ ಕಟ್ಟೆಯ ಊರಿಗೆ ಕರ್ಕೊಂಡು ಹೋದ. ಕಿವಿ ಕೇಳದ ಆ ಮುದುಕಿ ಮಗಳನ್ನು ನೋಡಿದ ಕೂಡಲೇ ಏನಂದಳು ಗೊತ್ತಾ? “ಬರ್ತೀನಿ ಅಂದಿದ್ದೆ, ಬಂದೆ” ಅಂದಳು. ಕೇಳಿಸಿತ್ತು!

ಕಾಲ ಉರುಳಿತು. ಈರಿ ಬೆಳೆದಳು, ಮಕ್ಕಳನ್ನು ಹೆತ್ತಳು. ಬಂದವ್ವ ತುಂಬು ಮುದುಕಿಯಾಗಿ ಕಣ್ಣು ಮುಚ್ಚಿದಳು. ಈರಿ ಒಬ್ಬಳೇ ಹೊಳೆ ಹಿಡಿದು ಮೇಲಕ್ಕೆ ನಡೆದಳು. ನೀರು ಹುಟ್ಟೋ ಕಡೆ ಒಂದು ಸಣ್ಣ ಕಲ್ಲು ನಿಲ್ಲಿಸಿ, ಅದರ ಮುಂದೆ ಮುರಿದ ರೊಟ್ಟಿಯ ದೊಡ್ಡ ತುಂಡು ಇಟ್ಟು ಬಂದಳು. ಅದನ್ನು ಆಡಿನವರು ನೋಡಿದರು, ಅವರೂ ಇಟ್ಟರು. ಅವ್ವ ಇಲ್ಲದ ಮಕ್ಕಳನ್ನು ಕರ್ಕೊಂಡು ಬಂದರು. ಮಕ್ಕಳಿಗೆ ಅಲ್ಲಿ ನಿಂತು ಮೂರು ಸಲ ಕೂಗೋಕೆ ಹೇಳೋರು. ಮೂರನೇ ಸಲ, ಕರ್ಕೊಂಡು ಬಂದ ಅತ್ತೆಯೋ ಅಜ್ಜಿಯೋ ಚಿಕ್ಕವ್ವನೋ ಗಿಡದ ಹಿಂದಿನಿಂದ ‘ಬಂದೆ’ ಅಂತ ಓಡಿ ಬರಬೇಕು. ಅದೇ ಅಲ್ಲಿಯ ಪೂಜೆ.

ಈಗಲೂ ಬಂದವ್ವನ ಕಲ್ಲು ಅಲ್ಲೇ ಇದೆ. ಮಕ್ಕಳು ಕೇಳ್ತವೆ, “ಬಂದವ್ವ ದೇವರು ಎಲ್ಲಿಂದ ಬಂದಳು?” ಪೂಜಾರಿ ಲಕ್ಕಪ್ಪನ ಮರಿಮಗ ಹೂವಿನ ಬುಟ್ಟಿಗೆ ಕಾಯ್ತಾ ಹೇಳ್ತಾನೆ, “ಹೊಳೇಲಿ ತೇಲಿ ಬಂದಳು ಕಣ್ರೋ.”

ನೀರು ಹುಟ್ಟೋ ಜಾಗಕ್ಕೆ ತೇಲಿ ಬರೋದು ಎಲ್ಲಿಂದ ಅಂತ ಯಾವುದೋ ಒಂದು ಮಗು ಕೇಳೇ ಕೇಳುತ್ತೆ. ಕೇಳಲಿ.

ಹೊಳೆ ಅವರ ಕಡೆ ಹರೀತು, ಕತೆ ನಮ್ಮ ಕಡೆ ಹರೀತು. ರೊಟ್ಟಿ ಅವರು ತಿಂದರು, ಹೂಂ ನೀವಂದಿರಿ. ನಿಮ್ಮ ಮನೆಯಲ್ಲೂ ಯಾರೋ ಕೂಗ್ತಿರೋ ಹಾಗಿದೆ, ಕೇಳಿಸ್ತಾ? ‘ಬಂದೆ’ ಅನ್ನಿ, ಏಳಿ.

ನಾನೂ ಬರ್ತೀನಿ.