ಡೋಸ್ ಇಳಿಸಲೊಪ್ಪದ ಡ್ವೇನ್

ಕೆನಡಾದ ವಿನ್ನಿಪೆಗ್‌ನ ರಕ್ತಪರೀಕ್ಷಾ ಕೇಂದ್ರದಲ್ಲಿ ಒಬ್ಬಳೇ ಕಾದು ಕುಳಿತಿದ್ದ ಮಾರ್ಲಾಳ ಕಿವಿಗೆ ಹಿಂದಿನ ಸಾಲಿನ ಗಂಡಹೆಂಡಿರ ಮಾತು ಬಿತ್ತು.

“ಕೆಂಪು ಕಣ ಜಾಸ್ತಿಯಾಗಿ ರಕ್ತ ಗಟ್ಟಿಯಾಗ್ತಿದೆ, ಟೆಸ್ಟೋಸ್ಟೆರಾನ್ ಡೋಸ್ ಇಳಿಸಿ ಅಂತ ಡಾಕ್ಟರ್ ಹೇಳಿದ್ರಲ್ಲ, ಡ್ವೇನ್. ಯಾಕೆ ಒಪ್ಪಲ್ಲ?”

“ಈ ಔಷಧಿ ಶುರು ಮಾಡೋ ಮುಂಚಿನ ಹಾಗೆ ಮತ್ತೆ ಸುಸ್ತಾಗಿ ಸೋಫಾ ಮೇಲೆ ಬಿದ್ದಿರಬೇಕಾ, ಲೋರ್ನಾ?”

“ಆಗ ನೀನು ನನ್ನ ಪಕ್ಕದಲ್ಲಾದ್ರೂ ಇರ್ತಿದ್ದೆ. ಈಗ ಡಾನ್ಸ್ ಕ್ಲಾಸಿನ ಆ ರೋಂಡಾ ಜೊತೆ ಕುಣೀತೀಯ.”

“ಬರೀ ಡಾನ್ಸ್ ಕಣೇ. ನಿನ್ನನ್ನೂ ಕರೆದಿದ್ದೆ.”

“ಮಂಡಿ ನೋವಿರೋಳನ್ನ ಕರೆಯೋದು ಸುಲಭ. ನಾಳೆ ಲಕ್ವ ಹೊಡೆದ್ರೆ ನಿನ್ನ ಬಾಯಿ ಒರೆಸೋಕೆ ಅವಳು ಬರಲ್ಲ.”



“ಇಳಿಸ್ತೀನಿ ಬಿಡು.”

“ಯಾರಿಗೋಸ್ಕರ?”

ಅಷ್ಟರಲ್ಲಿ ನರ್ಸ್ ಅವನ ಹೆಸರು ಕರೆದಳು. ಡ್ವೇನ್ ಎದ್ದು ಕೈ ಚಾಚಿದ. ಲೋರ್ನಾ ಆ ಕೈ ಹಿಡಿದು, ಇನ್ನೂ ಗೊಣಗುತ್ತಲೇ, ಕುಂಟುತ್ತ ಒಳಗೆ ಹೋದಳು.

ಜಗಳವಾಡಲೂ ಮನೆಯಲ್ಲಿ ಯಾರೂ ಇಲ್ಲದ ಮಾರ್ಲಾಳಿಗೆ ಲೋರ್ನಾಳನ್ನು ಕಂಡು ಹೊಟ್ಟೆಕಿಚ್ಚಾಯಿತು.