ಎಂಟರಲ್ಲಿ ಅರ್ಧ

ಸೊಂಟ ಹಿಡಿದುಕೊಂಡು, ಮಗನ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರಿಗೆ ಪಕ್ಕದ ಅತ್ತಿಗೆ ನಾದಿನಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ನಾದಿನಿಯ ತೊಡೆಯ ಮೇಲೆ ಕಾಲೇಜಿನ ಸ್ಟ್ಯಾಟಿಸ್ಟಿಕ್ಸ್ ಪುಸ್ತಕವಿತ್ತು.

“ಅತ್ತೆ ಮೊನ್ನೆ ನೋವು ಹತ್ತಕ್ಕೆ ಎಂಟು ಅಂದಿದ್ರು, ಇವತ್ತು ನಾಲ್ಕು ಅಂದ್ರು. ಅರ್ಧಕ್ಕರ್ಧ ಇಳೀತಲ್ಲ! ಡಾಕ್ಟ್ರು ಮಾತ್ರೆನೂ ಅರ್ಧ ಮಾಡಿ, ಮನೆಗೆ ಕರ್ಕೊಂಡು ಹೋಗಿ ಅಂದ್ರು.”

“ಅತ್ತಿಗೆ, ಎಂಟು ಕಿಲೋ ಅಕ್ಕೀಲಿ ಅರ್ಧ ಅಂದ್ರೆ ನಾಲ್ಕು ಕಿಲೋ. ನೋವನ್ನ ಯಾರು ತಕ್ಕಡೀಲಿಟ್ಟು ತೂಗಿದ್ದಾರೆ? ಈ ಅಂಕಿಯಿಂದ ಹೆಚ್ಚೋ ಕಡಿಮೆಯೋ ಅಂತ ಗೊತ್ತಾಗುತ್ತೆ. ಎಷ್ಟು ಕಡಿಮೆ ಅಂತ ಗೊತ್ತಾಗಲ್ಲ.”

“ಕಡಿಮೆ ಆಗಿದೆ ತಾನೆ? ಅಷ್ಟು ಸಾಕು ಬಿಡು.”

“ಅದೂ ಆಗಿಲ್ಲ. ಅಮ್ಮ ರಾತ್ರಿಯೆಲ್ಲ ಸೆರಗು ಕಚ್ಚಿಕೊಂಡು ಮಲಗಿದ್ಲು.”

“ಮತ್ತೆ ನಾಲ್ಕು ಅಂತ ಯಾಕಂದ್ರು?”

“ನರ್ಸ್ ಕೇಳುವಾಗ ಅಣ್ಣ ಗಡಿಯಾರ ನೋಡ್ತಾ ಪಕ್ಕದಲ್ಲೇ ನಿಂತಿದ್ದ. ಅಮ್ಮ ಮೊದಲು ಅವನ ಮುಖ ನೋಡಿದ್ಲು, ಆಮೇಲೆ ಬಾಯಿಬಿಟ್ಲು.”

“ನಿಮ್ಮಣ್ಣಂಗೂ ರಜ ಮುಗೀತಲ್ಲಮ್ಮ,” ಎನ್ನುತ್ತ ಅತ್ತಿಗೆ ಚೀಲ ಎತ್ತಿಕೊಂಡಳು. “ಬಾ, ಗಾಲಿಕುರ್ಚಿ ಬಂತು.”

ಇಬ್ಬರೂ ಎದ್ದು ಹೋದರು.

ಒಳಗಿನಿಂದ ಮುದುಕರಿಗೆ ಕರೆ ಬಂತು. “ತಾತ, ನೋವು ಹತ್ತಕ್ಕೆ ಎಷ್ಟು?” ಎಂದು ನರ್ಸ್ ಕೇಳಿದಳು.

ಸೊಂಟದಲ್ಲಿ ಕೆಂಡ ಕಟ್ಟಿಕೊಂಡ ಹಾಗಿತ್ತು. ಅವರು ಹಿಂದಕ್ಕೆ ತಿರುಗಿ ನೋಡಿದರು. ಮಗ ಬಾಗಿಲಲ್ಲಿ ಕಾರಿನ ಬೀಗದ ಕೈ ಕುಣಿಸುತ್ತ ನಿಂತಿದ್ದ.

“ಮೂರು ಬರ್ಕೊಳ್ಳಮ್ಮ,” ಎಂದರು.